ಕಾಲುವೆ ಮತ್ತೆ ಹೊಳೆಯಾದ ಜಾಗ

ಇಂದು ಬೆಳಿಗ್ಗೆ ಸಿಂಗಪುರದ ಬಿಶಾನ್–ಆಂಗ್ ಮೊ ಕಿಯೊ ಉದ್ಯಾನದಲ್ಲಿ, ಕಲ್ಲಾಂಗ್ ನದಿಯ ದಡದ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಮಳೆ ನಿಂತು ಅರ್ಧ ಗಂಟೆಯಾಗಿತ್ತು. ನೀರು ಇನ್ನೂ ಕೆಂಪಗಿತ್ತು, ದಡದ ಹುಲ್ಲೆಲ್ಲ ಹರಿವಿನ ದಿಕ್ಕಿಗೆ ಬಾಗಿ ಮಲಗಿತ್ತು. ಹಿಂದೆ ಇಲ್ಲಿದ್ದದ್ದು 2.7 ಕಿಲೋಮೀಟರ್ ಉದ್ದದ, ನೇರವಾದ ಕಾಂಕ್ರೀಟ್ ಕಾಲುವೆ. ಅದನ್ನು ಒಡೆದು ನದಿಗೆ ಅದರ ಬಳುಕನ್ನು ಮರಳಿ ಕೊಟ್ಟಾಗ ಹರಿವಿನ ಉದ್ದ 3.2 ಕಿಲೋಮೀಟರ್ ಆಯಿತು. ಹೊಸ ರೂಪದ ಉದ್ಯಾನ 2012ರಲ್ಲಿ ತೆರೆಯಿತು.

ವಿನ್ಯಾಸಕಾರರು ನೆರೆಯನ್ನು ಶತ್ರುವೆಂದು ಎಣಿಸಲಿಲ್ಲ ಎಂಬುದೇ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ ಸಂಗತಿ: ಬಿಸಿಲಿದ್ದಾಗ ಮಕ್ಕಳು ಓಡಾಡುವ ಹುಲ್ಲುಹಾಸೇ ಜೋರು ಮಳೆಯಲ್ಲಿ ನದಿಯ ಪಾತ್ರವಾಗಿ ಹರಡಿಕೊಳ್ಳುತ್ತದೆ, ನೀರು ಏರುವ ಸೂಚನೆ ಸಿಕ್ಕರೆ ಸೈರನ್ ಮೊಳಗುತ್ತದೆ, ಜನ ಮೇಲಕ್ಕೆ ಸರಿಯಬೇಕಾಗುತ್ತದೆ. ದಡ ಕುಸಿಯದಂತೆ ಹಿಡಿದಿರುವುದು ಗೋಡೆಯಲ್ಲ, ಕಲ್ಲಿನ ಸಂದಿಗಳಲ್ಲಿ ನೆಟ್ಟ ಗಿಡಗಳ ಬೇರು. ಈ ವಿಧಾನವನ್ನು ಮೊದಲು ಪಕ್ಕದ ಚರಂಡಿಯೊಂದರಲ್ಲಿ ಪರೀಕ್ಷಿಸಿ ನೋಡಿದ್ದರು; ಆ ತಾಳ್ಮೆಗೆ ನಾನು ತಲೆಬಾಗುತ್ತೇನೆ. ಒಡೆದ ಕಾಂಕ್ರೀಟಿನ ತುಂಡುಗಳನ್ನೂ ಎಸೆಯದೆ ಒಂದು ಗುಡ್ಡವಾಗಿ ಪೇರಿಸಿದ್ದಾರೆ.

ನಾನು ಎದ್ದು ಬರುವಾಗ ಅಜ್ಜಿಯೊಬ್ಬರು ಮೊಮ್ಮಗನ ಕೈ ಹಿಡಿದು, ಹೊಳೆ ದಾಟುವ ಕಲ್ಲುಗಳು ಮತ್ತೆ ಕಾಣಿಸಲೆಂದು ನೀರನ್ನೇ ನೋಡುತ್ತ ನಿಂತಿದ್ದರು.