ರೋಲ್ ಕೇಜ್‌ನ ಮೊದಲ ಜಾಯಿಂಟ್

ಇವತ್ತು ಬಗ್ಗಿ ಗಾಡಿಯ ರೋಲ್ ಕೇಜ್‌ಗೆ, ಅಂದ್ರೆ ಗಾಡಿ ಮಗುಚಿದ್ರೆ ಒಳಗಿರೋರನ್ನ ಕಾಯೋ ಪೈಪಿನ ಚೌಕಟ್ಟಿಗೆ, ಮೊದಲ ವೆಲ್ಡಿಂಗ್ ಜಾಯಿಂಟ್ ಬಿತ್ತು, ಸೀಟ್ ಹಿಂದೆ ಬರೋ ಬಾಗಿಸಿದ ಪೈಪ್, ಹೂಪ್ ಅಂತಾರೆ, ಇದ್ಯಲ್ಲ, ಅದಕ್ಕೆ ಅಡ್ಡ ಪೈಪ್ ಸೇರೋ ಜಾಗ.

ಹೊರಗೆ ಮಡಿಕೇರಿ ಮಳೆ ಒಂದೇ ಸಮ. ಈ ಥಂಡೀಲಿ 7018 ಅನ್ನೋ ವೆಲ್ಡಿಂಗ್ ರಾಡ್ ಪ್ಯಾಕೆಟ್ ಒಡೆದು ಸುಮ್ನೆ ಬಿಟ್ರೆ ಮುಗೀತು, ಮೇಲಿನ ಕೋಟಿಂಗ್ ತೇವ ಹೀರ್ಕೊಳ್ಳತ್ತೆ, ಆ ತೇವದಿಂದ ಹೈಡ್ರೋಜನ್ ವೆಲ್ಡ್ ಒಳಗೆ ಸೇರ್ಕೊಂಡು, ನೋಡೋಕೆ ಚೆಂದ ಇರೋ ಜಾಯಿಂಟೇ ಕೆಲವು ಸಲ ಒಂದೆರಡು ದಿನ ಬಿಟ್ಟು ಒಳಗಿಂದ ಬಿರುಕು ಬಿಡಬಹುದು. ಅದಕ್ಕೇ ರಾಡ್‌ಗಳನ್ನ ತೇವ ತಗಲದ ಹಾಗೆ ಬಿಸಿಯಾಗಿಡೋ ಓವನ್‌ನಿಂದ ಬಿಸಿಬಿಸಿಯಾಗೇ ಒಂದೊಂದೇ ತೆಗೆದೆ.

ಪೈಪ್ ತುದೀನ ಮೀನಿನ ಬಾಯಿ ಥರ ಕೊರೆದು, ಸಂದೀಲಿ ಬೆಳಕು ತೂರದ ಹಾಗೆ ಕೂರೋವರೆಗೆ ಗ್ರೈಂಡ್ ಮಾಡೋದು, ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟ ಅದು. ಗ್ಯಾಪ್ ಇದ್ರೇನು ರಾಡಲ್ಲಿ ತುಂಬಿದ್ರಾಯ್ತು ಅನ್ನೋರಿದ್ದಾರೆ, ನಾನು ಒಪ್ಪಲ್ಲ. ಕಾಫಿ ತೋಟದ ಇಳಿಜಾರಲ್ಲಿ ಗಾಡಿ ಮಗುಚಿದ್ರೆ ಪಕ್ಕದಲ್ಲಿ ಕೂತಿರೋ ತಮ್ಮನ ತಲೆ ಕಾಯೋದು ಇದೇ ಪೈಪು.

ವೆಲ್ಡ್ ಮೇಲೆ ಗಟ್ಟಿಯಾಗಿ ಕೂತ ಸ್ಲ್ಯಾಗ್ ಪದರ ತಟ್ಟಿದ್ರೆ ಉದ್ದಕ್ಕೂ ಮುರೀದೆ ಎದ್ದು ಬಂತು. ಖುಷಿ ತಡೀಲಾರದೆ ಅಪ್ಪನ್ನ ಕರೆದು ತೋರಿಸ್ದೆ, ಬೆರಳಲ್ಲಿ ಸವರಿ ನೋಡಿದ್ರು. ನಾಳೆ ಕರೆಂಟ್ ಇದ್ರೆ ಆ ಕಡೆ ಜಾಯಿಂಟ್.