ಫ್ಯಾಂಟಮ್‌ನಲ್ಲಿ ಕ್ರಿಯಾಟಿನ್ ಅಳತೆ: ಆರನೇ ವಾರದ ಪ್ರಗತಿ

ಮಿದುಳಿನ ಮೆಟಬೊಲೈಟ್‌ಗಳ (ಚಯಾಪಚಯದಲ್ಲಿ ಪಾಲ್ಗೊಳ್ಳುವ ಸಣ್ಣ ಅಣುಗಳ) ಸಾರತೆಯನ್ನು ಎಂಆರ್ ಸ್ಪೆಕ್ಟ್ರೋಸ್ಕೋಪಿಯಿಂದ (ಎಂಆರ್‌ಐ ಯಂತ್ರದಲ್ಲಿ ಬೇರೆ ಬೇರೆ ಅಣುಗಳ ಸಂಕೇತಗಳನ್ನು ಅಳೆಯುವ ವಿಧಾನದಿಂದ) ಮಿಲಿಮೋಲ್ ಲೆಕ್ಕದಲ್ಲಿ ಹೇಳಬೇಕೆಂದಿದ್ದರೆ, ಸಾರತೆ ಮೊದಲೇ ಗೊತ್ತಿರುವ ದ್ರಾವಣದ ಮೇಲೆ ನಮ್ಮ ಲೆಕ್ಕವನ್ನು ಪರೀಕ್ಷಿಸಿಕೊಳ್ಳಲೇಬೇಕು. ಅದಕ್ಕಾಗಿ ಒಂದು ಲೀಟರ್ ನೀರಿನಲ್ಲಿ 10 ಮಿಲಿಮೋಲ್ ಕ್ರಿಯಾಟಿನ್ ಮತ್ತು 12.5 ಮಿಲಿಮೋಲ್ ಎನ್‌ಎಎ (ಎನ್-ಅಸಿಟೈಲ್ ಆಸ್ಪರ್ಟೇಟ್; ಎರಡೂ ಮಿದುಳಿನ ಮೆಟಬೊಲೈಟ್‌ಗಳೇ) ಕರಗಿಸಿ, ಪಿಎಚ್ 7.2ಕ್ಕೆ ಹೊಂದಿಸಿ, ಆ ಫ್ಯಾಂಟಮ್ಮನ್ನು (ಮಿದುಳಿನ ಬದಲಿಗೆ ಇಡುವ ಪರೀಕ್ಷಾ ದ್ರಾವಣವನ್ನು) 3 ಟೆಸ್ಲಾ ಯಂತ್ರದಲ್ಲಿಟ್ಟು ಅಳೆಯುತ್ತಿದ್ದೇವೆ.

ನಮ್ಮ ಅಳತೆಗೋಲು ನೀರೇ. ಲೀಟರಿಗೆ ಸುಮಾರು 55 ಮೋಲ್ ಇರುವ ನೀರಿನ ಸಂಕೇತವು 10 ಮಿಲಿಮೋಲ್ ಕ್ರಿಯಾಟಿನ್‌ನ ಮೀಥೈಲ್ ಸಂಕೇತಕ್ಕಿಂತ ಸುಮಾರು 3,700 ಪಟ್ಟು ದೊಡ್ಡದು. ಆದ್ದರಿಂದ ನೀರಿನ ಸಂಕೇತವನ್ನು ಅದುಮಿ ಒಂದು ಸಲ, ಅದುಮದೆ ಇನ್ನೊಂದು ಸಲ ಸ್ಪೆಕ್ಟ್ರಮ್ ತೆಗೆದು ಎರಡನ್ನೂ ಹೋಲಿಸುತ್ತೇವೆ. ಮೊದಲ ಸುತ್ತಿನಲ್ಲಿ ಎರಡೂ ಮೆಟಬೊಲೈಟ್‌ಗಳು ಇರಬೇಕಾದುದಕ್ಕಿಂತ ಸುಮಾರು ಒಂದೂವರೆ ಪಟ್ಟು ಬಂದವು. ಟಿಆರ್ (ಒಂದು ಅಳತೆಯಿಂದ ಮುಂದಿನದರವರೆಗಿನ ಅಂತರ) 2 ಸೆಕೆಂಡ್ ಇಟ್ಟಿದ್ದೆವು, ಆದರೆ ಬೇರೇನೂ ಬೆರೆಸದ ತಣ್ಣನೆಯ ನೀರಿನ ಟಿ1 (ಸಂಕೇತ ಮತ್ತೆ ಚೇತರಿಸಿಕೊಳ್ಳುವ ವೇಗ ಸೂಚಿಸುವ ಕಾಲ) ಹೆಚ್ಚುಕಡಿಮೆ 3 ಸೆಕೆಂಡ್. ಅಂದರೆ ಪ್ರತಿ ಸಲವೂ ನೀರು ಅರ್ಧದಷ್ಟೇ ಚೇತರಿಸಿಕೊಳ್ಳುತ್ತಿತ್ತು, ಅಳತೆಗೋಲೇ ಗಿಡ್ಡವಾಗಿತ್ತು. ಟಿಆರ್ 15 ಸೆಕೆಂಡಿಗೆ ಏರಿಸಿದ ಮೇಲೆ ಎನ್‌ಎಎ 12.4ಕ್ಕೆ ಬಂದು ನಿಂತಿತು.

ಕ್ರಿಯಾಟಿನ್ ಮಾತ್ರ 8.8ಕ್ಕೆ ಇಳಿಯಿತು. ನೀರನ್ನು ಅದುಮುವ ಪಲ್ಸ್ ಸ್ಪೆಕ್ಟ್ರಮ್ಮಿನಲ್ಲಿ 3.91 ಪಿಪಿಎಮ್ (ಸ್ಥಾನ ಸೂಚಿಸುವ ಮಾನ) ಎಂಬಲ್ಲಿರುವ ಕ್ರಿಯಾಟಿನ್ ಶಿಖರವನ್ನೂ ಕತ್ತರಿಸುತ್ತಿದೆಯೇನೋ ಎಂದು ನಾಲ್ಕು ದಿನ ಅದರ ಹಿಂದೆಯೇ ಬಿದ್ದಿದ್ದೆ. ಆದರೆ ನೀರಿನಿಂದ ಸಾಕಷ್ಟು ದೂರದಲ್ಲಿರುವ 3.03ರ ಶಿಖರವೂ ಅಷ್ಟೇ ಕಡಿಮೆಯಿತ್ತು. ಕೊನೆಗೆ ಕಪಾಟಿನಿಂದ ಬಾಟಲಿಯನ್ನು ತೆಗೆದು ಲೇಬಲ್ ಓದಿದಾಗ ಕಾರಣ ತಿಳಿಯಿತು. ಅದು ಕ್ರಿಯಾಟಿನ್ ಮೊನೊಹೈಡ್ರೇಟ್. ಪ್ರತಿ ಅಣುವಿನ ಜೊತೆ ಒಂದು ನೀರಿನ ಅಣುವೂ ಹರಳಿನಲ್ಲಿ ಸೇರಿರುವುದರಿಂದ ಅದರ ಅಣುತೂಕ 149.15, ನಾನು ಲೆಕ್ಕಕ್ಕೆ ಹಿಡಿದದ್ದು 131.13. 1.492 ಗ್ರಾಂ ಹಾಕಬೇಕಾದಲ್ಲಿ 1.311 ಗ್ರಾಂ ತೂಗಿ ಹಾಕಿದ್ದೆ. ಹಾಗಾಗಿ ದ್ರಾವಣದಲ್ಲಿ ನಿಜಕ್ಕೂ ಇದ್ದದ್ದು 8.79 ಮಿಲಿಮೋಲ್; ಯಂತ್ರ ಸರಿಯಾಗಿಯೇ ಹೇಳಿತ್ತು.

ಎನ್‌ಎಎ ಮತ್ತು ಕ್ರಿಯಾಟಿನ್‌ಗಳ ಅನುಪಾತವನ್ನಷ್ಟೇ ವರದಿ ಮಾಡಿದ್ದರೆ, 1.25 ಬರಬೇಕಾದಲ್ಲಿ 1.41 ಬಂದುದನ್ನು ನೋಡಿ, ತಪ್ಪು ಯಾವುದರಲ್ಲಿದೆ ಎಂದು ಹೇಳಲು ಸಾಧ್ಯವಿರಲಿಲ್ಲ. ಅನುಪಾತ ಸುಲಭ ನಿಜ, ಆದರೆ ಕ್ರಿಯಾಟಿನ್ ಎಲ್ಲರಲ್ಲೂ ಸ್ಥಿರವಾಗಿರುತ್ತದೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ, ಆ ನಂಬಿಕೆಯನ್ನು ನಾನು ಒಪ್ಪಲಾರೆ.

ಹೊಸ ದ್ರಾವಣ ಸಿದ್ಧವಾಗಿದೆ. ಮಿದುಳಿಗೆ ಹೋದಾಗ ನೀರಿನ ಟಿ2 (ಸಂಕೇತ ಕ್ಷೀಣಿಸುವ ವೇಗ ಸೂಚಿಸುವ ಕಾಲ) ಸುಮಾರು 80 ಮಿಲಿಸೆಕೆಂಡಿಗೆ ಇಳಿಯುವುದರಿಂದ, ಟಿಇ (ಪಲ್ಸ್‌ನಿಂದ ಸಂಕೇತ ಅಳೆಯುವವರೆಗಿನ ಸಮಯ) 30 ಮಿಲಿಸೆಕೆಂಡ್ ಇಟ್ಟರೂ ನೀರಿನ ಸಂಕೇತದ ಸುಮಾರು 31 ಪ್ರತಿಶತ ಕಳೆದುಹೋಗುತ್ತದೆ. ಆ ತಿದ್ದುಪಡಿಯನ್ನೂ, ವಾಕ್ಸೆಲ್ಲಿನಲ್ಲಿ (ಅಳೆಯುವ ಪುಟ್ಟ ಘನಭಾಗದಲ್ಲಿ) ಮಿದುಳುಬಳ್ಳಿಯ ದ್ರವ ಎಷ್ಟಿದೆ ಎಂಬ ಲೆಕ್ಕವನ್ನೂ ಮುಂದಿನ ವಾರ ಸೇರಿಸುತ್ತೇವೆ.