ಕ್ರೆಡಿಟ್ ಕಾರ್ಡಿನ ಬಡ್ಡಿ ಏರಿಸಿದ್ದಾರೆಯೇ? ಮೊದಲು ತಾರೀಖು ನೋಡಿ

"ಬಡ್ಡಿ ತೀರಾ ಜಾಸ್ತಿಯಾಯ್ತು" ಎಂದಷ್ಟೇ ಬರೆದ ದೂರಿಗೆ ಬಲ ಕಡಿಮೆ. ವರ್ಷಕ್ಕೆ 30% ಮೀರಿದ ಕಾರ್ಡ್ ಬಡ್ಡಿ ಅನುಚಿತ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು. ಹಾಗಾಗಿ ದರ ಎಷ್ಟಾಯಿತು ಎಂದು ವಾದಿಸುವುದಕ್ಕಿಂತ, ಯಾವತ್ತಿನಿಂದ ಏರಿತು, ಮೊದಲೇ ತಿಳಿಸಿದ್ದರೇ ಎಂದು ಕೇಳುವುದೇ ಲೇಸು.

ಆರ್‌ಬಿಐನ ಕಾರ್ಡ್ ನಿಯಮಗಳ ಪ್ರಕಾರ ಶುಲ್ಕ ಬದಲಾಯಿಸುವ ಮುನ್ನ ಕನಿಷ್ಠ ಒಂದು ತಿಂಗಳ ನೋಟಿಸ್ ಕೊಡಬೇಕು. ಬದಲಾವಣೆ ಮುಂದಕ್ಕೆ ಮಾತ್ರ ಅನ್ವಯಿಸಬೇಕು, ಹಿಂದಿನ ದಿನಗಳಿಗಲ್ಲ. ಅಮೆರಿಕದ 2009ರ ಕಾರ್ಡ್ ಕಾಯ್ದೆ ಇನ್ನೂ ಬಿಗಿ: 45 ದಿನಗಳ ನೋಟಿಸ್ ಬೇಕು, ಮತ್ತು ಪಾವತಿ 60 ದಿನ ತಡವಾಗುವಂಥ ಕೆಲವು ಸಂದರ್ಭ ಬಿಟ್ಟರೆ ಹಳೆಯ ಬಾಕಿಗೆ ಹೊಸ ದರ ಹಾಕುವಂತಿಲ್ಲ.

ಏರಿಕೆಗಳೆಲ್ಲ ಒಂದೇ ಜಾತಿಯವಲ್ಲ. ಆರಂಭದ ಕೊಡುಗೆ ದರದ ಅವಧಿ ಮುಗಿದಿದ್ದರೆ ಜಗಳವಾಡಿ ಪ್ರಯೋಜನವಿಲ್ಲ, ಅದು ಒಪ್ಪಂದದಲ್ಲೇ ಇರುತ್ತದೆ. ಪಾವತಿ ತಡವಾಗಿ ದರ ಏರಿದ್ದರೆ, ಕೆಲವು ತಿಂಗಳು ಸರಿಯಾಗಿ ಕಟ್ಟಿ ತೋರಿಸಿ ಹಳೆಯ ದರ ಕೇಳಬಹುದು. ಕಂಪನಿ ತಾನಾಗಿಯೇ ಏರಿಸಿದ್ದರೆ ಮಾತ್ರ ನೋಟಿಸಿನ ಲೆಕ್ಕ ಕೆಲಸಕ್ಕೆ ಬರುತ್ತದೆ.

ಆ ಲೆಕ್ಕ ಹೀಗೆ. ಬಾಕಿ 50,000, ಹಳೆಯ ದರ ವರ್ಷಕ್ಕೆ 42%, ಹೊಸದು 45%, 30 ದಿನಗಳ ಬಿಲ್ಲಿನ 15ನೇ ದಿನದಿಂದ ಜಾರಿ ಎಂದಿಟ್ಟುಕೊಳ್ಳಿ. ಮೊದಲ 14 ದಿನಕ್ಕೆ 805.48, ಉಳಿದ 16 ದಿನಕ್ಕೆ 986.30, ಒಟ್ಟು 1,791.78. ಸ್ಟೇಟ್‌ಮೆಂಟಿನಲ್ಲಿ 1,849.32 ಇದ್ದರೆ ಇಡೀ ತಿಂಗಳಿಗೂ ಹೊಸ ದರ ಹಾಕಿದ್ದಾರೆ ಎಂದರ್ಥ. ವ್ಯತ್ಯಾಸ 57.54. ಮೊತ್ತ ಪುಟ್ಟದು, ಆದರೆ ದೂರಿಗೆ ಇದಕ್ಕಿಂತ ಗಟ್ಟಿ ಪುರಾವೆ ಸಿಗುವುದಿಲ್ಲ. (ಬಿಲ್ಲಿನ ನಡುವೆ ಖರೀದಿ ಅಥವಾ ಪಾವತಿ ಆಗಿದ್ದರೆ ಬಾಕಿ ಬದಲಾದ ದಿನದಿಂದ ಬೇರೆಯಾಗಿ ಲೆಕ್ಕ ಹಾಕಬೇಕು.)

ಪತ್ರ ಒಂದೇ ಪುಟದ್ದಿರಲಿ: ಕಾರ್ಡಿನ ಕೊನೆಯ ನಾಲ್ಕು ಅಂಕಿ, ಹಳೆಯ ಮತ್ತು ಹೊಸ ದರ, ನೋಟಿಸ್ ಕೈಸೇರಿದ ದಿನ, ಹೊಸ ದರ ಮೊದಲು ಕಂಡ ದಿನ, ಮೇಲಿನಂಥ ಲೆಕ್ಕ. ಕೇಳುವುದನ್ನು ಸ್ಪಷ್ಟವಾಗಿ ಕೇಳಿ: ಹೆಚ್ಚುವರಿ ಬಡ್ಡಿ ವಾಪಸು ಮಾಡಿ, ಹಳೆಯ ದರ ಮುಂದುವರಿಸಿ, ಆಗದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಿ. ಪೂರ್ತಿ ಕಾರ್ಡ್ ಸಂಖ್ಯೆ, ಒಟಿಪಿ ಯಾರಿಗೂ ಕೊಡಬೇಡಿ. ಫೋನಿನಲ್ಲಿ ಮಾತಾಡಿದರೂ ದೂರಿನ ಸಂಖ್ಯೆ ಪಡೆದು, ಆಡಿದ್ದನ್ನು ಅಂದೇ ಇಮೇಲಿನಲ್ಲಿ ಬರೆದು ಕಳಿಸಿ. ನೋಟಿಸ್ ಬಹಳ ಸಲ ಸ್ಪ್ಯಾಮ್ ಫೋಲ್ಡರಿನಲ್ಲೋ ಸ್ಟೇಟ್‌ಮೆಂಟಿನ ಕೊನೆಯ ಪುಟದ ಸಣ್ಣಕ್ಷರದಲ್ಲೋ ಇರುತ್ತದೆ. ಅದನ್ನು ಹುಡುಕದೆ "ತಿಳಿಸಲೇ ಇಲ್ಲ" ಎಂದು ಬರೆದರೆ ಮೊದಲ ಉತ್ತರದಲ್ಲೇ ವಾದ ಮುಗಿಯುತ್ತದೆ.

ಕೋಪದಲ್ಲಿ ಪಾವತಿ ನಿಲ್ಲಿಸುವುದು ಎಲ್ಲಕ್ಕಿಂತ ದುಬಾರಿ ತಪ್ಪು. ತಡಪಾವತಿ ಶುಲ್ಕ ಬೀಳುತ್ತದೆ, ಕ್ರೆಡಿಟ್ ಸ್ಕೋರ್ ಇಳಿಯುತ್ತದೆ, ದರ ಏರಿಸಲು ಅವರಿಗೆ ಹೊಸ ಕಾರಣ ಸಿಗುತ್ತದೆ. ಕನಿಷ್ಠ ಮೊತ್ತವನ್ನಾದರೂ ಕಟ್ಟುತ್ತಿರಿ. ಜೊತೆಗೆ ಆ ಕಾರ್ಡಿನಲ್ಲಿ ಹೊಸ ಖರೀದಿ ಬೇಡ: ನೋಟಿಸಿನ ನಂತರದ ಬಳಕೆಯನ್ನು ಒಪ್ಪಿಗೆ ಎಂದು ಅನೇಕ ಒಪ್ಪಂದಗಳು ಎಣಿಸುತ್ತವೆ, ಮೇಲಾಗಿ ಬಾಕಿ ಉಳಿದಿರುವಾಗ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ಸಾಮಾನ್ಯವಾಗಿ ಸಿಗುವುದಿಲ್ಲ.

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿ ಕೊಡದಿದ್ದರೆ, ಭಾರತದಲ್ಲಿ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು, ಖರ್ಚಿಲ್ಲ. ಕಾರ್ಡನ್ನೇ ಬಿಡುವುದಾದರೆ ಮೊದಲು ಬಾಕಿ ತೀರಿಸಿ, ಅದರ ಮೇಲಿರುವ ಆಟೋಪೇಗಳನ್ನು ಬೇರೆಡೆಗೆ ಬದಲಾಯಿಸಿ. ಬಾಕಿಯಿಲ್ಲದ ಕಾರ್ಡನ್ನು ನೀವು ಕೇಳಿದ ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ, ಮುಚ್ಚುವವರೆಗೂ ದಿನಕ್ಕೆ 500 ರೂಪಾಯಿಯಂತೆ ಕಂಪನಿಯೇ ನಿಮಗೆ ದಂಡ ಕಟ್ಟಬೇಕು.